ಕಾಗದದ ಮತ, ಇರುಳಿನ ಫಲಿತಾಂಶ: ಗೋಣಿಬೀಡು ಸೀಮೆಯ ಪಂಚಾಯಿತಿ ಎಣಿಕೆಯ ಚರಿತ್ರೆ

ಕರ್ನಾಟಕದ ಗ್ರಾಮ ಪಂಚಾಯಿತಿ ಚುನಾವಣೆಯ ಮತ ಎಣಿಕೆ ಬೆಳಿಗ್ಗೆ ಎಂಟು ಗಂಟೆಗೆ ಆರಂಭವಾಗುತ್ತದೆಯಾದರೂ, ಅದು ಮುಗಿಯುವ ಹೊತ್ತನ್ನು ಯಾವ ಅಧಿಕಾರಿಯೂ ಮುಂಚಿತವಾಗಿ ಹೇಳಲಾರ. ಮೂಡಿಗೆರೆ ತಾಲೂಕಿನ ಗೋಣಿಬೀಡು ಹೋಬಳಿಯಲ್ಲಿ, ಅಂದರೆ ಕಂದಾಯ ಆಡಳಿತದ ಅನುಕೂಲಕ್ಕಾಗಿ ಹಲವು ಗ್ರಾಮಗಳನ್ನು ಒಂದುಗೂಡಿಸಿದ ಆ ಘಟಕದಲ್ಲಿ, ಮತ ಹಾಕುವುದು ಊರಿನ ಶಾಲೆಯಲ್ಲಾದರೆ ಮತ ಎಣಿಸುವುದು ತಾಲೂಕು ಕೇಂದ್ರದಲ್ಲಿ. ಈ ಎರಡರ ನಡುವಿನ ಕಾಫಿ ತೋಟಗಳ ದಾರಿಯನ್ನು ಫಲಿತಾಂಶದ ಸುದ್ದಿ ದಾಟಿ ಬರುವಷ್ಟರಲ್ಲಿ ಎಷ್ಟೋ ವಾರ್ಡುಗಳ ಪಾಲಿಗೆ ಕತ್ತಲಾಗಿರುತ್ತದೆ. ಬ್ರಿಟನ್ನಿನಲ್ಲಿ ಸ್ಥಳೀಯ ಸಂಸ್ಥೆಗಳ ಮತದಾನ ಗುರುವಾರ ರಾತ್ರಿ ಹತ್ತಕ್ಕೆ ಮುಗಿದ ಕೂಡಲೇ ಹಲವೆಡೆ ಪೆಟ್ಟಿಗೆ ತೆರೆದು ಬೆಳಗಿನವರೆಗೂ ಎಣಿಸುವ ಪದ್ಧತಿಯಿದ್ದು, ಅಲ್ಲಿ ರಾತ್ರಿಯ ಜಾಗರಣೆ ವೇಳಾಪಟ್ಟಿಯಲ್ಲೇ ಅಡಕವಾಗಿದೆ. ಮಲೆನಾಡಿನ ಪಂಚಾಯಿತಿ ಎಣಿಕೆ ಇರುಳಿಗೆ ಜಾರುವುದು ಬೇರೆ ಕಾರಣದಿಂದ, ಮುಖ್ಯವಾಗಿ ಮತಪತ್ರದ ರಚನೆಯಿಂದ. ಆ ರಚನೆಗೆ ಸುಮಾರು ಒಂದು ಶತಮಾನದ ಹಿನ್ನೆಲೆಯಿದೆ.

ಹಳೆಯ ಮೈಸೂರು ಸಂಸ್ಥಾನದಲ್ಲಿ ಸ್ಥಳೀಯ ಸಂಸ್ಥೆಗಳ ಚುನಾವಣೆ ಎನ್ನುವುದು ಬಹುಕಾಲ ಕಂದಾಯ ಕಟ್ಟುವವರ ವ್ಯವಹಾರವಾಗಿತ್ತು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಹುಟ್ಟಿತು. 1902ರಲ್ಲಿ ಲೋಕಲ್ ಬೋರ್ಡುಗಳಿಗೆ ಕಾಯಿದೆಯಾಯಿತು. 1918ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕೊನೆಯ ವರ್ಷದಲ್ಲಿ, ಗ್ರಾಮ ಪಂಚಾಯಿತಿಗಳನ್ನೂ ಒಳಗೊಂಡ ಇನ್ನೊಂದು ಕಾಯಿದೆ ಬಂತು. 1926ರಲ್ಲಿ ಪಂಚಾಯಿತಿಗಳಿಗೆಂದೇ ಪ್ರತ್ಯೇಕ ಶಾಸನ ರೂಪುಗೊಂಡಿತು. ಮತದ ಹಕ್ಕು ಆಸ್ತಿ, ಕಂದಾಯಗಳಿಗೆ ಅಂಟಿಕೊಂಡಿದ್ದಷ್ಟು ಕಾಲ, ತೋಟದ ಲೈನ್ ಮನೆಗಳಲ್ಲಿ, ಅಂದರೆ ಕೂಲಿಯವರಿಗಾಗಿ ಒಂದೇ ಸಾಲಿನಲ್ಲಿ ಕಟ್ಟಿದ ವಸತಿಗಳಲ್ಲಿ, ಬದುಕುತ್ತಿದ್ದವರಿಗೆ ಫಲಿತಾಂಶವನ್ನು ಕಾಯುವ ಕಾರಣವೇ ಇರಲಿಲ್ಲ. ಪಟೇಲ, ಶಾನುಭೋಗರ ವಂಶಪಾರಂಪರ್ಯ ಹುದ್ದೆಗಳು ಊರಿನ ಅಧಿಕಾರವನ್ನು ಹಿಡಿದಿಟ್ಟುಕೊಂಡಿದ್ದ ಆ ದಿನಗಳಲ್ಲಿ ಪಂಚಾಯಿತಿಗೆ ಯಾರು ಬಂದರೆಂಬುದು ಹೆಚ್ಚಿನವರಿಗೆ ಬದುಕನ್ನು ಬದಲಿಸುವ ಸುದ್ದಿಯಾಗಿರಲಿಲ್ಲ ಎಂದು ಭಾವಿಸುವುದು ತಪ್ಪಾಗಲಾರದು.

ವಯಸ್ಕ ಮತದಾನ ಬಂದ ಮೇಲೆ ಚಿತ್ರ ಬದಲಾಯಿತು. 1952ರ ಮೊದಲ ಮಹಾಚುನಾವಣೆಯಲ್ಲಿ ಚಿಕ್ಕಮಗಳೂರು ಮತ್ತು ಮೂಡಿಗೆರೆಗಳು ಕೂಡಿ ಮೈಸೂರು ವಿಧಾನಸಭೆಗೆ ಇಬ್ಬರು ಸದಸ್ಯರನ್ನು ಆರಿಸುವ ಒಂದೇ ಕ್ಷೇತ್ರವಾಗಿದ್ದವು. ಇಂಥ ದ್ವಿಸದಸ್ಯ ಕ್ಷೇತ್ರದಲ್ಲಿ ಒಂದು ಸ್ಥಾನ ಮೀಸಲಾಗಿದ್ದು, ಪ್ರತಿ ಮತದಾರನಿಗೂ ಎರಡು ಮತಗಳಿರುತ್ತಿದ್ದವು. ಮೀಸಲು ವರ್ಗದ ಅಭ್ಯರ್ಥಿಗಳಲ್ಲಿ ಹೆಚ್ಚು ಮತ ಪಡೆದವರನ್ನು ಮೊದಲು ಆಯ್ಕೆಯಾದವರೆಂದು ಘೋಷಿಸಿ, ಅನಂತರ ಉಳಿದೆಲ್ಲರ ಪೈಕಿ ಮುಂದಿದ್ದವರಿಗೆ ಎರಡನೆಯ ಸ್ಥಾನ ಕೊಡಲಾಗುತ್ತಿತ್ತು. ಆಗ ಒಬ್ಬೊಬ್ಬ ಅಭ್ಯರ್ಥಿಗೂ ಅವರವರ ಚಿಹ್ನೆ ಅಂಟಿಸಿದ ಬೇರೆ ಬೇರೆ ಪೆಟ್ಟಿಗೆಗಳಿದ್ದುದರಿಂದ, ಯಾವ ಪೆಟ್ಟಿಗೆಯಲ್ಲಿ ಎಷ್ಟು ಚೀಟಿಗಳಿವೆ ಎಂದು ಲೆಕ್ಕ ಹಾಕಿದರೆ ಎಣಿಕೆ ಬಹುಮಟ್ಟಿಗೆ ಮುಗಿದಂತೆ. ಎಲ್ಲರ ಹೆಸರು ಮತ್ತು ಚಿಹ್ನೆಗಳಿರುವ ಒಂದೇ ಹಾಳೆಯ ಮೇಲೆ ಗುರುತು ಒತ್ತುವ ಪದ್ಧತಿ 1962ರ ಮಹಾಚುನಾವಣೆಯ ಹೊತ್ತಿಗೆ ದೇಶದಲ್ಲೆಲ್ಲ ನೆಲೆಗೊಂಡಿತು. ಅಷ್ಟರಲ್ಲಿ ದ್ವಿಸದಸ್ಯ ಕ್ಷೇತ್ರಗಳನ್ನು ಸಂಸತ್ತು ರದ್ದುಗೊಳಿಸಿತ್ತು. ಒಬ್ಬ ಮತದಾರನಿಗೆ ಹಲವು ಮತ, ಮೀಸಲು ಸ್ಥಾನ ಮೊದಲು, ಸಾಮಾನ್ಯ ಸ್ಥಾನ ಆಮೇಲೆ ಎಂಬ ತತ್ತ್ವ ಶಾಸನಸಭೆಗಳಿಂದ ಹೀಗೆ ಮರೆಯಾದರೂ ಗ್ರಾಮ ಪಂಚಾಯಿತಿಯಲ್ಲಿ ಇಂದಿಗೂ ಜೀವಂತವಾಗಿರುವುದು, ಅದೂ ಗುರುತು ಒತ್ತುವ ಮತಪತ್ರದೊಂದಿಗೆ ಬೆಸೆದುಕೊಂಡು ಉಳಿದಿರುವುದು, ಮುಂದಿನ ಕಥೆಗೆ ಮುಖ್ಯವಾದ ಸಂಗತಿ.

ಈ ಸೀಮೆಯ ಚುನಾವಣಾ ಚರಿತ್ರೆಯೆಂದರೆ ಹೊರಗಿನವರಿಗೆ ನೆನಪಾಗುವುದು 1978ರ ನವೆಂಬರಿನ ಲೋಕಸಭಾ ಉಪಚುನಾವಣೆ ಮಾತ್ರ. ಮೂಡಿಗೆರೆ ತಾಲೂಕಿನ ದಾರದಹಳ್ಳಿಯ ಡಿ.ಬಿ. ಚಂದ್ರೇಗೌಡರು ತೆರವು ಮಾಡಿಕೊಟ್ಟ ಚಿಕ್ಕಮಗಳೂರು ಕ್ಷೇತ್ರದಲ್ಲಿ ಇಂದಿರಾ ಗಾಂಧಿಯವರು ವೀರೇಂದ್ರ ಪಾಟೀಲರನ್ನು 77,333 ಮತಗಳಿಂದ ಸೋಲಿಸಿದಾಗ ಆ ಸುದ್ದಿಯನ್ನು ರೇಡಿಯೋ ದೇಶಕ್ಕೆಲ್ಲ ತಲುಪಿಸಿತು. ಆದರೆ ರೇಡಿಯೋ ಪಂಚಾಯಿತಿ ವಾರ್ಡಿನ ಫಲಿತಾಂಶವನ್ನು ಹೇಳುವುದಿಲ್ಲ. ಪತ್ರಿಕೆಯ ಜಿಲ್ಲಾ ಪುಟಕ್ಕೂ ಅಷ್ಟು ಜಾಗವಿರುವುದಿಲ್ಲ. ಎಪ್ಪತ್ತೇಳು ಸಾವಿರದ ಅಂತರ ಮೊದಲ ಕೆಲವು ಸುತ್ತುಗಳಲ್ಲೇ ಗೊತ್ತಾಗಿಬಿಡುತ್ತದೆ, ಏಳು ಮತಗಳ ಅಂತರ ಕೊನೆಯ ಕಟ್ಟು ಬಿಚ್ಚುವವರೆಗೂ ಗೊತ್ತಾಗುವುದಿಲ್ಲ. ಸಂಸ್ಥೆ ಚಿಕ್ಕದಾದಷ್ಟೂ ಕಾಯುವಿಕೆ ದೊಡ್ಡದಾಗುವುದು ಹೀಗೆ.

ಮೈಸೂರು ಗ್ರಾಮ ಪಂಚಾಯಿತಿಗಳ ಮತ್ತು ಲೋಕಲ್ ಬೋರ್ಡುಗಳ 1959ರ ಕಾಯಿದೆಯಡಿ ಗ್ರಾಮ ಪಂಚಾಯಿತಿ ಮತ್ತು ತಾಲೂಕು ಅಭಿವೃದ್ಧಿ ಮಂಡಳಿಗಳು ಕಾಲು ಶತಮಾನದಷ್ಟು ಕಾಲ ನಡೆದವು. ಅವುಗಳ ಜಾಗಕ್ಕೆ ಬಂದದ್ದು, ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಅವರು ರೂಪಿಸಿದ 1983ರ ಕಾಯಿದೆಯ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿ. 1987ರ ಜನವರಿಯಲ್ಲಿ ನಡೆದ ಅದರ ಚುನಾವಣೆಯಲ್ಲಿ ಮಹಿಳೆಯರಿಗೆ ಶೇಕಡಾ 25ರಷ್ಟು ಸ್ಥಾನಗಳು ಮೀಸಲಾಗಿದ್ದವು ಎಂಬುದು ಆ ಕಾಲಕ್ಕೆ ದೇಶದಲ್ಲೇ ಗಮನ ಸೆಳೆದ ಸಂಗತಿ. ಮಂಡಲವು ಹಲವು ಗ್ರಾಮಗಳ ದೊಡ್ಡ ಘಟಕವಾಗಿತ್ತು, ಪಕ್ಷಗಳು ನೇರವಾಗಿ ಕಣದಲ್ಲಿದ್ದವು. ಆದ್ದರಿಂದ ಆ ಸಲದ ಫಲಿತಾಂಶವನ್ನು ಪಕ್ಷದ ಲೆಕ್ಕದಲ್ಲಿ ಓದುವುದು ಸುಲಭವಾಗಿತ್ತು.

ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದು, ಮೇ ತಿಂಗಳಲ್ಲಿ ಕರ್ನಾಟಕ ಪಂಚಾಯತ್ ರಾಜ್ ಕಾಯಿದೆ ಊರ್ಜಿತವಾದಾಗ ಈ ಓದಿನ ಕ್ರಮ ತಲೆಕೆಳಗಾಯಿತು. ಹೊಸ ಕಾಯಿದೆ ಗ್ರಾಮ ಪಂಚಾಯಿತಿಗೆ 5,000ದಿಂದ 7,000 ಜನಸಂಖ್ಯೆಯ ಮಿತಿ ಹಾಕಿದರೂ, ಮನೆಗಳು ಗುಡ್ಡಕ್ಕೊಂದರಂತೆ ಚದುರಿರುವ ಚಿಕ್ಕಮಗಳೂರು, ಕೊಡಗು, ಹಾಸನ, ಶಿವಮೊಗ್ಗ ಮೊದಲಾದ ಜಿಲ್ಲೆಗಳಲ್ಲಿ 2,500 ಜನಸಂಖ್ಯೆಗೂ ಒಂದು ಪಂಚಾಯಿತಿ ರಚಿಸಲು ಅವಕಾಶ ಕೊಟ್ಟಿತು. ಪ್ರತಿ 400 ಜನರಿಗೆ ಒಬ್ಬ ಸದಸ್ಯ. ಪಕ್ಷದ ಚಿಹ್ನೆಗೆ ಅವಕಾಶವಿಲ್ಲ. ಆಟೋರಿಕ್ಷಾ, ಹೊಲಿಗೆ ಯಂತ್ರ, ಗ್ಯಾಸ್ ಸಿಲಿಂಡರ್ ಮುಂತಾದ ಮುಕ್ತ ಚಿಹ್ನೆಗಳನ್ನೇ ಹಂಚಬೇಕು. ನಾನೂರು ಜನರೆಂದರೆ ಮಲೆನಾಡಿನ ಲೆಕ್ಕದಲ್ಲಿ ಒಂದೆರಡು ತೋಟಗಳ ಲೈನುಗಳು, ಒಂದು ಕಾಲೊನಿ, ಅಲ್ಲಲ್ಲಿ ಚದುರಿದ ಕೆಲವು ಒಕ್ಕಲು ಮನೆಗಳು. ಇಷ್ಟು ಚಿಕ್ಕ ಘಟಕದಲ್ಲಿ ಯಾವ ಮನೆಯ ಮತ ಯಾರಿಗೆ ಬಿದ್ದಿರಬಹುದೆಂದು ಎಣಿಕೆಗೆ ಮೊದಲೇ ಎಲ್ಲರೂ ಅಂದಾಜು ಕಟ್ಟಿರುತ್ತಾರೆ. ಮತದ ಗೋಪ್ಯತೆಗೆ ಇದಕ್ಕಿಂತ ಕಠಿಣ ಪರೀಕ್ಷೆ ಬೇರೊಂದಿರಲಾರದು.

ಎಣಿಕೆ ಏಕೆ ನಿಧಾನವಾಗುತ್ತದೆ ಎಂಬುದನ್ನು ಅರಿಯಲು ಮತಪತ್ರವನ್ನು ಹತ್ತಿರದಿಂದ ನೋಡಬೇಕು. ಪಂಚಾಯಿತಿಯ ಒಂದು ವಾರ್ಡಿನಿಂದ ಇಬ್ಬರು ಅಥವಾ ಮೂವರು ಸದಸ್ಯರು ಆಯ್ಕೆಯಾಗಬೇಕಿದ್ದರೆ ಮತದಾರನಿಗೂ ಅಷ್ಟೇ ಮತಗಳಿರುತ್ತವೆ. ಆತ ಬಾಣದ ಕತ್ತರಿ ಗುರುತಿನ ಮೊಹರನ್ನು ಒಂದೇ ಹಾಳೆಯ ಮೇಲೆ ಅಷ್ಟು ಸಲ ಒತ್ತಬಹುದು, ಬೇಡವೆಂದರೆ ಕಡಿಮೆಯೂ ಒತ್ತಬಹುದು. ಹಾಳೆ ಮಡಿಸಿದಾಗ ಹಸಿ ಶಾಯಿ ಎದುರಿನ ಹೆಸರಿನ ಮೇಲೆ ಅಂಟಿಕೊಂಡರೂ, ಬಾಣಗಳು ತಿರುಗಿರುವ ದಿಕ್ಕು ಅದಲುಬದಲಾಗುವುದರಿಂದ ಯಾವುದು ಅಸಲು, ಯಾವುದು ಅದರ ಪಡಿಯಚ್ಚು ಎಂದು ಹೇಳಲು ಬರುತ್ತದೆ. ಒಂದೇ ಸ್ಥಾನದ ಚುನಾವಣೆಯಲ್ಲಿ ಮತಪತ್ರಗಳನ್ನು ಅಭ್ಯರ್ಥಿಗೊಂದರಂತೆ ಕಟ್ಟು ಕಟ್ಟಿ ಎಣಿಸಿದರೆ ಸಾಕು, ಇಲ್ಲಿ ಅದು ಸಾಧ್ಯವಿಲ್ಲ: ಒಂದು ಹಾಳೆಯ ಮೇಲೆ ಆಟೋರಿಕ್ಷಾಕ್ಕೂ ಹೊಲಿಗೆ ಯಂತ್ರಕ್ಕೂ ಗುರುತಿದ್ದರೆ ಮುಂದಿನ ಹಾಳೆಯಲ್ಲಿ ಹೊಲಿಗೆ ಯಂತ್ರದ ಜೊತೆ ಸಿಲಿಂಡರ್ ಇರುತ್ತದೆ, ಹೀಗಾಗಿ ಪ್ರತಿ ಹಾಳೆಯನ್ನೂ ಬಿಡಿಸಿ, ಏಜೆಂಟರಿಗೆ ಕಾಣುವಂತೆ ಹಿಡಿದು, ಒಂದೊಂದು ಗುರುತನ್ನೂ ಗೀಟು ಹಾಕಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಏಜೆಂಟ್ ಎಂದರೆ ಅಭ್ಯರ್ಥಿಯ ಪರವಾಗಿ ಪಾಸು ಪಡೆದು ಮೇಜಿನೆದುರು ಕೂರುವವನು. ಈತನ ಕಣ್ಣು ಹೆಚ್ಚಾಗಿ ನೆಟ್ಟಿರುವುದು ಎದುರಾಳಿಯ ಮತಗಳ ಮೇಲಲ್ಲ, ಕುಲಗೆಟ್ಟ ಮತಗಳ ಮೇಲೆ.

ಸ್ಥಾನಗಳಿಗಿಂತ ಹೆಚ್ಚು ಗುರುತು ಒತ್ತಿದ, ಗುರುತೇ ಇಲ್ಲದ, ಇಬ್ಬರ ನಡುವಿನ ಗೆರೆಯ ಮೇಲೆ ಮೊಹರು ಬಿದ್ದು ಯಾರಿಗೆಂದು ತಿಳಿಯದ ಮತವನ್ನು ಅಸಿಂಧುವೆಂದು ತೆಗೆದಿಡಲಾಗುತ್ತದೆ. ಇದನ್ನೇ ಜನ ಕುಲಗೆಟ್ಟ ಮತವೆನ್ನುತ್ತಾರೆ. ಐದಾರು ಮತಗಳ ಅಂತರವಿರುವಲ್ಲಿ ಇಂಥ ಹತ್ತು ಹಾಳೆಗಳು ಫಲಿತಾಂಶವನ್ನೇ ತಿರುಗಿಸಬಲ್ಲವಾದ್ದರಿಂದ ತಕರಾರು, ಚುನಾವಣಾಧಿಕಾರಿಯ ತೀರ್ಮಾನ, ಮರುಎಣಿಕೆಯ ಅರ್ಜಿ ಒಂದರ ಹಿಂದೊಂದು ಬರುತ್ತವೆ. ಲೆಕ್ಕ ಮುಗಿದ ಮೇಲೂ ಅತಿ ಹೆಚ್ಚು ಮತ ಪಡೆದವರು ಗೆದ್ದರೆಂದು ಒಮ್ಮೆಗೇ ಹೇಳುವಂತಿಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಮತ್ತು ಮಹಿಳಾ ಮೀಸಲು ಸ್ಥಾನಗಳನ್ನು ಮೊದಲು ತುಂಬಿ, ಉಳಿದ ಅಭ್ಯರ್ಥಿಗಳಲ್ಲಿ ಮುಂದಿರುವವರನ್ನು ಸಾಮಾನ್ಯ ಸ್ಥಾನಕ್ಕೆ ಘೋಷಿಸಬೇಕು. ಹಾಗಾಗಿ ಮತಗಳ ಪಟ್ಟಿಯಲ್ಲಿ ಎರಡನೆಯವರಾಗಿದ್ದವರು ಸೋತು, ನಾಲ್ಕನೆಯವರು ಗೆಲ್ಲುವುದುಂಟು. ಮತಗಳು ಸಮಸಮವಾದರೆ ಚೀಟಿ ಎತ್ತುವುದೇ ದಾರಿ. ಐದು ವರ್ಷದ ಅಧಿಕಾರವನ್ನು ಒಂದು ಮಡಿಸಿದ ಚೀಟಿಗೆ ಬಿಡುವುದು ವಿಚಿತ್ರವಾಗಿ ಕಂಡರೂ, ಮಧ್ಯರಾತ್ರಿಯ ಹೊತ್ತಿಗೆ ದಣಿದ ಸಿಬ್ಬಂದಿಗೂ ಏಜೆಂಟರಿಗೂ ಅದರಷ್ಟು ಬೇಗ ಒಪ್ಪಿಗೆಯಾಗುವ ಉಪಾಯ ಇನ್ನೊಂದಿಲ್ಲ.

ಎಣಿಕೆಯ ಕೊಠಡಿಯೊಳಗೆ ಮೊಬೈಲ್ ಒಯ್ಯುವಂತಿಲ್ಲದ ಕಾರಣ ಸುದ್ದಿ ಈಗಲೂ ಮೊದಲ ಹೆಜ್ಜೆಯನ್ನು ಕಾಲ್ನಡಿಗೆಯಲ್ಲೇ ಇಡುತ್ತದೆ: ಏಜೆಂಟ್ ಹೊರಬಂದು ಗೇಟಿನಾಚೆ ಕಾದು ನಿಂತವರಿಗೆ ಹೇಳಬೇಕು, ಅಥವಾ ಮೈಕಿನಲ್ಲಿ ಘೋಷಣೆಯಾಗಬೇಕು. ಅಲ್ಲಿಂದ ಮುಂದಿನ ದಾರಿ ಕಾಲಕ್ಕೆ ತಕ್ಕಂತೆ ಬದಲಾಗಿದೆ. ದೂರವಾಣಿ ತೋಟದ ಬಂಗಲೆಗೆ ಸೀಮಿತವಾಗಿದ್ದ ದಿನಗಳಲ್ಲಿ ಮೂಡಿಗೆರೆಯಿಂದ ಹಿಂದಿರುಗುವ ಜೀಪೇ ಸುದ್ದಿಯ ವಾಹನವಾಗಿತ್ತು, ಅದರ ಹಾರ್ನ್ ಸದ್ದು ಬಂದ ದಿಕ್ಕೇ ಯಾವ ಊರಿನವರು ಗೆದ್ದರೆಂಬುದರ ಮೊದಲ ಸುಳಿವು. ಈಗ ಲೆಕ್ಕದ ಹಾಳೆಯ ಚಿತ್ರ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ. ಬೆಟ್ಟದ ಮರೆಯ ಮನೆಗಳವರು ಮಾತ್ರ ಅದಕ್ಕಾಗಿ ಸಿಗ್ನಲ್ ಸಿಗುವ ತಿರುವಿನವರೆಗೆ ನಡೆದು ಹೋಗಬೇಕಾಗುತ್ತದೆ.

ಋತುವಿನ ಪಾತ್ರವೂ ಇದರಲ್ಲಿದೆ. 2015ರ ಚುನಾವಣೆಯ ಎಣಿಕೆ ಜೂನ್ 5ರಂದು ನಡೆಯಿತು. ಮುಂಗಾರು ಕೇರಳವನ್ನು ಮುಟ್ಟಿದ್ದೂ ಆ ವರ್ಷ ಅದೇ ದಿನ. ಮುಂದಿನ ಚುನಾವಣೆ ಕೊರೋನಾ ಕಾರಣದಿಂದ ಡಿಸೆಂಬರಿಗೆ ಸರಿದು, 2020ರ ಡಿಸೆಂಬರ್ 22 ಮತ್ತು 27ರಂದು ಎರಡು ಹಂತದ ಮತದಾನವಾಗಿ, 30ರಂದು ಎಣಿಕೆ ನಡೆಯಿತು. ಅರೇಬಿಕಾ ಕಾಫಿಯ ಕೊಯ್ಲಿನ ಕಾಲವದು. ಬೆಳಿಗ್ಗೆ ಹಣ್ಣು ಬಿಡಿಸಲು ಹೋಗಬೇಕಾದ ಆಳುಗಳೂ, ಸಂಜೆ ಬುಟ್ಟಿಗಳ ಲೆಕ್ಕ ಬರೆದುಕೊಳ್ಳಬೇಕಾದ ರೈಟರೂ, ಕಣದಲ್ಲಿ ಒಣಗುವ ಕಾಫಿಯನ್ನು ರಾಶಿಮಾಡಿ ಮುಚ್ಚಬೇಕಾದ ಬೆಳೆಗಾರನೂ ಅದೇ ವಾರ್ಡಿನ ಅಭ್ಯರ್ಥಿಗಳಾಗಿರಬಹುದಾದ್ದರಿಂದ, ಹಗಲಿಗಿಂತ ರಾತ್ರಿಯೇ ಫಲಿತಾಂಶ ಕೇಳಲು ಎಲ್ಲರಿಗೂ ಬಿಡುವಿನ ವೇಳೆ. ರಾಜ್ಯದ 5,700ಕ್ಕೂ ಹೆಚ್ಚು ಪಂಚಾಯಿತಿಗಳ ಈ ಎಣಿಕೆಯಲ್ಲಿ ವಿದ್ಯುನ್ಮಾನ ಮತಯಂತ್ರವನ್ನು ಬಳಸಿದ್ದು ಬೀದರ್ ಜಿಲ್ಲೆಯಲ್ಲಿ ಮಾತ್ರ. ಉಳಿದ ಕಡೆಯೆಲ್ಲ ಕಾಗದವೇ ಇದ್ದು, ಹಲವೆಡೆ ಎಣಿಕೆ ಇರುಳು ಕಳೆದು 31ರ ದಿನಾಂಕಕ್ಕೂ ದಾಟಿತು.

ಆ ರಾತ್ರಿ ಟಿ.ವಿ. ವಾಹಿನಿಗಳಲ್ಲಿ ಪಕ್ಷಗಳ ಬೆಂಬಲಿತರು ಎಂಬ ಹೆಸರಿನಲ್ಲಿ ಅಂಕಿಗಳು ಓಡುತ್ತಿದ್ದವಾದರೂ, ಚಿಹ್ನೆಯೇ ಇಲ್ಲದ ಚುನಾವಣೆಯಲ್ಲಿ ಅವು ಪಕ್ಷಗಳ ಹೇಳಿಕೆಗಳೇ ಹೊರತು ಚುನಾವಣಾ ಆಯೋಗದ ಲೆಕ್ಕವಲ್ಲ. ಗೆದ್ದ ಸದಸ್ಯನೊಬ್ಬನ ಹೆಸರು ಎರಡು ಪಕ್ಷಗಳ ಪಟ್ಟಿಯಲ್ಲೂ ಕಾಣಿಸಿಕೊಂಡರೆ ಅಚ್ಚರಿಪಡಬೇಕಾಗಿಲ್ಲ. ಪಂಚಾಯಿತಿ ಯಾರ ಕೈಗೆ ಹೋಯಿತೆಂಬ ಪ್ರಶ್ನೆಗೆ ಆ ರಾತ್ರಿಯಲ್ಲಿ ಉತ್ತರವೇ ಇರಲಿಲ್ಲ, ಏಕೆಂದರೆ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ನಿಗದಿಯಾದದ್ದು ಸದಸ್ಯರ ಫಲಿತಾಂಶದ ಅನಂತರ, 2021ರ ಜನವರಿಯಲ್ಲಿ. ಅಧ್ಯಕ್ಷರ ಅವಧಿ ಮೂವತ್ತು ತಿಂಗಳು ಎಂದಾಗಿತ್ತು. ಆ ಸ್ಥಾನ ಒಂದು ವರ್ಗಕ್ಕೆ ಮೀಸಲಾಗುವುದರಿಂದ, ಬಹುಮತದ ಗುಂಪಿನಲ್ಲಿ ಮೀಸಲು ವರ್ಗಕ್ಕೆ ಸೇರಿದ ಸದಸ್ಯರೇ ಇಲ್ಲದೆ, ಅಲ್ಪಮತದಲ್ಲಿದ್ದ ಒಬ್ಬ ಮಹಿಳೆಗೆ ಅಧ್ಯಕ್ಷ ಪದವಿ ಒಲಿಯುವ ಸಾಧ್ಯತೆ ಈ ವ್ಯವಸ್ಥೆಯೊಳಗೇ ಇದೆ.

ಪಂಚಾಯತ್ ವ್ಯವಸ್ಥೆಯ ಮೇಲಿನ ಎರಡು ಸ್ತರಗಳ ಸ್ಥಿತಿ ಗ್ರಾಮ ಪಂಚಾಯಿತಿಯದಕ್ಕೆ ವಿರುದ್ಧವಾದದ್ದು. ಪಕ್ಷದ ಚಿಹ್ನೆಯ ಮೇಲೆ, ಮತಯಂತ್ರದ ಮೂಲಕ ನಡೆದ ತಾಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಎಣಿಕೆಗೆ ರಾತ್ರಿ ಕಾಯಬೇಕಾಗಿರಲಿಲ್ಲ. 2016ರ ಫೆಬ್ರವರಿ 23ರಂದು ಅವುಗಳ ಎಣಿಕೆಯಾದಾಗ ಫಲಿತಾಂಶಗಳು ಹಗಲಿನಲ್ಲೇ ಹೊರಬಿದ್ದವು. ಆ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಅನಂತರ ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಪಟ್ಟಿ ಮತ್ತು ನ್ಯಾಯಾಲಯದ ವಿಚಾರಣೆಗಳ ನಡುವೆ ನಾಲ್ಕು ವರ್ಷ ದಾಟಿದರೂ ಆ ಚುನಾವಣೆ ನಡೆಯದೆ, ಎರಡೂ ಸಂಸ್ಥೆಗಳು ಆಡಳಿತಾಧಿಕಾರಿಗಳ ಕೈಯಲ್ಲೇ ಉಳಿದವು.