ಇಂಡಿಯದ ಹೆಸರುಳ್ಳ ಕಹಿಪಾನ

ಮದ್ಯದ ವಿಷಯವಾಗಿ ಬರೆಯುವದು ನಮ್ಮ ಸಂಘದ ಪತ್ರಿಕೆಗೆ ಒಪ್ಪುವದೋ ಇಲ್ಲವೋ ಎಂದು ಕೆಲವು ದಿನ ಯೋಚಿಸಿದೆನು. ನಾಗಾವಿಯಲ್ಲಿ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದ ಆವರಣದೊಳಗೆ ಸಾಬರಮತಿ ಆಶ್ರಮದ ಪ್ರತಿಕೃತಿಯೊಂದು ನಿಂತಿರುವದು. ಅದರ ನೆರೆಯಲ್ಲಿ ಕುಳಿತು ಬೀರಿನ ಚರಿತ್ರೆಯನ್ನು ಬರೆಯುವವನ ಲೇಖನಿಯು ತುಸು ಅಳುಕುವದು ಸಹಜವೇ. ಆದರೆ ಇಲ್ಲಿ ಹೇಳತಕ್ಕ ಸಂಗತಿಯು ಕುಡಿತಕ್ಕಿಂತಲೂ ನಮ್ಮ ನುಡಿಗೆ ಹೆಚ್ಚಾಗಿ ಸಂಬಂಧಿಸಿದ್ದೆಂದು ವಾಚಕರು ಮುಂದೆ ಕಾಣುವರು.

ಹೋದ ವರ್ಷ ಬೆಂಗಳೂರಿಗೆ ಹೋದಾಗ ನನ್ನ ತಂಗಿಯ ಮಗನು ಅಲ್ಲಿಯೇ ಬೀರು ತಯಾರಿಸಿ ಅಲ್ಲಿಯೇ ಕೊಡುವಂಥ ಒಂದು ಮನೆಗೆ ನನ್ನನ್ನು ಕರೆದೊಯ್ದನು. 2010ರ ಬಳಿಕ ಆ ನಗರದಲ್ಲಿ ಇಂಥವು ಬಹಳ ಹುಟ್ಟಿವೆ. ಅವನು ನನ್ನ ಮುಂದಿಟ್ಟದ್ದು ‘ಇಂಡಿಯ ಪೇಲ್ ಏಲ್’ ಎಂಬ ಜಾತಿಯದು. ಜೇನಿನ ಬಣ್ಣ, ಮೇಲೆ ಎರಡು ಬೆರಳಿನಷ್ಟು ನೊರೆ. ಕಿತ್ತಳೆಯ ಸಿಪ್ಪೆಯನ್ನು ಆಗತಾನೆ ಸುಲಿದಂತೆ ವಾಸನೆ. ಒಂದು ಗುಟುಕು ಕುಡಿದೆನು. ಮೊದಲು ಹುರಿದ ಧಾನ್ಯದ ಸವಿ ತೋರಿತು. ಅದು ಮುಗಿಯುವಷ್ಟರಲ್ಲಿ ಕಹಿಯು ನಾಲಿಗೆಯ ಬುಡವನ್ನು ಹಿಡಿದು ಬಹಳ ಹೊತ್ತು ಬಿಡಲಿಲ್ಲ. “ಹೆಂಗದರೀ ಮಾಮಾ?” ಎಂದು ಅವನು ಕೇಳಿದನು. ನಲವತ್ತು ವರ್ಷ ಕನ್ನಡವನ್ನು ಓದಿದ ನಾನು “ಕಹಿ ಅದ” ಎಂದು ಹೇಳಿ ಸುಮ್ಮನಾದೆನು. ಬೇವು, ಹಾಗಲ, ಮೆಂತೆ, ನೆಲಬೇವಿನ ಕಷಾಯ ಇವುಗಳಲ್ಲಿ ಯಾವ ಹೋಲಿಕೆಯೂ ಸರಿಬರಲಿಲ್ಲ. ಅವನು ಮಾತ್ರ ಆಂಗ್ಲ ಭಾಷೆಯಲ್ಲಿ ಹತ್ತು ಗುಣಗಳನ್ನು ನಿರಾಯಾಸವಾಗಿ ಎಣಿಸಿದನು.

ನಮ್ಮ ದೇಶದ ಹೆಸರು ಈ ಪಾನಕ್ಕೆ ಹೇಗೆ ಬಂದಿತು? ಲಂಡನ್ನಿನ ಪೂರ್ವಕ್ಕೆ ಬೋ ಎಂಬಲ್ಲಿ 1752ರಲ್ಲಿ ಸ್ಥಾಪಿತವಾದ ಹಾಡ್ಜ್‌ಸನ್ ಎಂಬವರ ಕಾರಖಾನೆಯಿತ್ತು. ಕುಂಪಣಿಯ ಹಡಗುಗಳು ನಿಲ್ಲುವ ಬ್ಲ್ಯಾಕ್‌ವಾಲ್ ಅಲ್ಲಿಗೆ ಸಮೀಪ. ಹಡಗಿನ ಕಪ್ತಾನರು ತಮ್ಮ ಸ್ವಂತ ವ್ಯಾಪಾರಕ್ಕಾಗಿ ಅವರಲ್ಲಿ ಉದ್ದರಿಯಾಗಿ ಬೀರು ಕೊಂಡು, ಆಫ್ರಿಕೆಯ ತುದಿಯನ್ನು ಸುತ್ತಿ, ಎಷ್ಟೋ ತಿಂಗಳ ಪಯಣದ ಬಳಿಕ ಇಲ್ಲಿ ಮಾರುತ್ತಿದ್ದರು. ಸೆಕೆಯಲ್ಲಿ ಅದು ಹುಳಿತುಹೋಗದಂತೆ ಕಾಯುವದು ಹಾಪ್ ಎಂಬ ಬಳ್ಳಿಯ ಹೂವು. ಆ ಹೂವಿನ ಎಸಳುಗಳ ಸಂದಿಯಲ್ಲಿ ಹಳದಿ ಅಂಟು ಪುಡಿ ಇರುವದು. ಜವೆಗೋದಿಯ ರಸದಲ್ಲಿ ಅದನ್ನು ಕುದಿಸಿದರೆ ಕಹಿ ಇಳಿಯುವದು, ಕೆಡಿಸುವ ಸೂಕ್ಷ್ಮಜೀವಿಗಳನ್ನು ಆ ಕಹಿಯೇ ತಡೆಯುವದು. (ಈ ಬಳ್ಳಿಯು ಸಸ್ಯಶಾಸ್ತ್ರದಲ್ಲಿ ಗಾಂಜಿಯ ಕುಲಕ್ಕೆ ಸೇರಿದ್ದೆಂಬದು ಕೆಲವರಿಗೆ ನಗೆ ತರಬಹುದು.) ಸೆಕೆಯ ದೇಶಕ್ಕೆ ಕಳಿಸುವ ಬೀರಿಗೆ ಹಾಪನ್ನು ಹೆಚ್ಚಾಗಿ ಹಾಕಬೇಕೆಂಬ ನಿಯಮವು ಮೊದಲೇ ಇದ್ದಿತು, ಹಾಡ್ಜ್‌ಸನ್ನನು ಈ ಪಾನವನ್ನು ಕಂಡುಹಿಡಿದನೆಂಬ ಮಾತು ಕಟ್ಟುಕಥೆ. 1822ರಿಂದ ಬರ್ಟನ್ ಊರಿನ ಆಲ್ಸಪ್ ಎಂಬವನು ಪೈಪೋಟಿಗೆ ನಿಂತನು. ಆ ಊರಿನ ಗಡುಸು ನೀರಿನಲ್ಲಿ ಕಹಿಯು ಇನ್ನೂ ಸ್ವಚ್ಛವಾಗಿ ಏಳುವದು. ವಿನೋದವೆಂದರೆ, ‘ಈಸ್ಟ್ ಇಂಡಿಯ ಪೇಲ್ ಏಲ್’ ಎಂಬ ಹೆಸರು 1829ರಲ್ಲಿ ಅಚ್ಚಾಗಿ ಕಾಣುವದು ಇಂಡಿಯದಲ್ಲಿ ಅಲ್ಲ, ಆಸ್ಟ್ರೇಲಿಯದ ಸಿಡ್ನಿಯ ಒಂದು ಪತ್ರಿಕೆಯ ಜಾಹೀರಾತಿನಲ್ಲಿ.

ಅದನ್ನು ಕುಡಿದವರಾದರೂ ಯಾರು? ಅಧಿಕಾರಿಗಳು ಮತ್ತು ವರ್ತಕರು. ಬಡ ಗೋರಾ ಸಿಪಾಯಿಗೆ ಕಪ್ಪು ಪೋರ್ಟರು ಬರುತ್ತಿತ್ತು. ನಮ್ಮ ರೈತನಿಗೆ ಈಚಲ ಮರದ ಸೇಂದಿ ಇತ್ತು. ಅದಕ್ಕೂ 1878ರ ಮುಂಬಯಿ ಅಬ್ಕಾರಿ ಕಾಯಿದೆಯು ಬಿಗಿಯಾಗಿ ಕರ ಕಟ್ಟಿತು. ಹೀಗೆ ಇಂಡಿಯದ ಹೆಸರುಳ್ಳ ಪಾನವು ಇಂಡಿಯದವರದಾಗದೆ ಹೋಯಿತು. 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲಂಡದವನು ದಕ್ಷಿಣದ ಐದು ಕಾರಖಾನೆಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಎಂಬ ಕಂಪನಿಯನ್ನು ಮಾಡಿದನು. 1947ರಲ್ಲಿ ವಿಠ್ಠಲ ಮಲ್ಯರು ಅದರ ಆಡಳಿತ ಮಂಡಲಿಯನ್ನು ಸೇರಿದರು. ಆದರೆ ನಮ್ಮ ಗದಗ ಸೀಮೆಗೆ ಬೇರೊಂದು ದಾರಿ ಬಂದೊದಗಿತು: ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ 1949ರ ಪಾನನಿರೋಧ ಕಾಯಿದೆಯು ಇಲ್ಲಿ ಜಾರಿಯಾಯಿತು. ಕುಡಿತದಿಂದ ಮನೆಗಳು ಹಾಳಾದದ್ದನ್ನು ನಮ್ಮ ಹಳ್ಳಿಗಳಲ್ಲಿ ಕಣ್ಣಾರೆ ಕಂಡ ನಾನು ಆ ಕಾಯಿದೆಯ ಉದ್ದೇಶವನ್ನು ಹಳಿಯಲಾರೆ.

ಆದರೂ ಆ ದಿನ ನನಗೆ ಮಾತು ಸಾಲದೆ ಹೋದದ್ದು ಮನಸ್ಸಿನಲ್ಲಿ ಕೊರೆಯುತ್ತಿತ್ತು. ಊರಿಗೆ ಬಂದವನೇ ಪಂಪಭಾರತವನ್ನು ತೆಗೆದೆನು. ಪುಲಿಗೆರೆಯ ತಿರುಳ್ಗನ್ನಡದಲ್ಲಿ ಬರೆದೆನೆಂದು ಪಂಪನು ಹೇಳಿಕೊಂಡ ಗ್ರಂಥವಿದು. ಆ ಪುಲಿಗೆರೆಯೇ ನಮ್ಮ ಲಕ್ಷ್ಮೇಶ್ವರ. ನಮಗೆ ಪಂಪನನ್ನು ಕಲಿಸಿದ ಗುರುಗಳು ನಾಲ್ಕನೆಯ ಆಶ್ವಾಸದ ಪಾನಗೋಷ್ಠಿಗೆ ಬಂದೊಡನೆ ಕೆಮ್ಮಿ, ನಾಲ್ಕೈದು ಹಾಳೆಗಳನ್ನು ಒಮ್ಮೆಲೆ ಮಗುಚಿದ್ದರು. ಅಲ್ಲಿ ಏನಿದೆ? ಮಧುದೇವತೆಯ ಅರ್ಚನೆಯಿದೆ, ಹಕ್ಕಿಗಳ ಆಕಾರದ ಬಟ್ಟಲುಗಳಿವೆ, ಕಳ್ಳಿನ ಜೊತೆಗೆ ಮೆಲ್ಲುವ ಚಕ್ಕಣವಿದೆ, ಅಮಲೇರಿದ ಹೆಂಗಳ ತೊದಲು ಮಾತುಗಳಿವೆ. ಬರೆದವನೋ ಜೈನ; ಮದ್ಯ, ಮಾಂಸ, ಮಧು ಈ ಮೂರನ್ನು ಬಿಡುವದೇ ಶ್ರಾವಕನ ಮೊದಲ ನಿಯಮ. ಲೌಕಿಕವನ್ನು ಭಾರತದಲ್ಲಿಯೂ ಜಿನಾಗಮವನ್ನು ಆದಿಪುರಾಣದಲ್ಲಿಯೂ ಬೆಳಗುವೆನೆಂದವನು ಲೌಕಿಕದ ಪಾಲನ್ನು ಕದಿಯಲಿಲ್ಲ. 941ರ ಸುಮಾರಿಗೆ ಅವನು ಹೀಗೆ ಬರೆದನು. 1129ರಲ್ಲಿ ಕಲ್ಯಾಣದ ಸೋಮೇಶ್ವರ ದೊರೆಯು ತನ್ನ ಮಾನಸೋಲ್ಲಾಸದಲ್ಲಿ ಮದಿರಾಪಾನವನ್ನು ರಾಜರ ಕ್ರೀಡೆಗಳಲ್ಲಿ ಒಂದಾಗಿ ಎಣಿಸಿದ್ದು ಸಂಸ್ಕೃತದಲ್ಲಿ; ಪಂಪನದು ಕನ್ನಡದಲ್ಲಿ.

ಗುರುಗಳನ್ನು ನಾನು ದೂರುವದಿಲ್ಲ. ಎದುರಿಗೆ ಕುಳಿತವರು ಹದಿನಾರರ ಹುಡುಗರು. ಆದರೆ ಅವರು ಮಗುಚಿದ ಹಾಳೆಗಳೊಂದಿಗೆ ಹೋದದ್ದು ಕಳ್ಳು ಮಾತ್ರವಲ್ಲ. ಚಕ್ಕಣವೆಂಬ ಶಬ್ದವು ಪಂಪನಲ್ಲಿರುವದನ್ನು ನಾನು ತಂಗಿಯ ಮಗನಿಗೆ ಕಾಗದದಲ್ಲಿ ಬರೆದು ತಿಳಿಸಿದೆನು. ಅವನು ಅದನ್ನು ಹಿಂದುಸ್ಥಾನಿಯ ಮಾತೆಂದು ತಿಳಿದುಕೊಂಡಿದ್ದನಂತೆ. ಆ ಆಶ್ವಾಸವನ್ನು ಪೂರ್ತಿಯಾಗಿ ಕಳಿಸಿಕೊಡಬೇಕೆಂದು ಮರುಕಾಗದ ಬಂದಿದೆ.