ಕಂಪನಿಯಿಂದಲೇ ನೇರವಾಗಿ ಎಲೆಕ್ಟ್ರಿಕ್ ಗಾಡಿ ಕೊಳ್ಳುವುದು ಕಾನೂನುಬಾಹಿರವೇ? ಅಗ್ಗವೇ?

ಹರಿದಾಡುವ ಮಾತುಗಳು: "ಡೀಲರ್ ಇಲ್ಲದೆ ಕಂಪನಿಯೇ ನೇರವಾಗಿ ಗಾಡಿ ಮಾರುವಂತಿಲ್ಲ, ಅಮೆರಿಕದಲ್ಲಿ ಇದಕ್ಕಾಗಿಯೇ ಕಾರಿನ ಮಾಲೀಕರು ಬೀದಿಗಿಳಿದರು." "ಡೀಲರ್ ಕಮಿಷನ್ ತಪ್ಪಿಸಿದರೆ ಗಾಡಿ ಸಾವಿರಾರು ರೂಪಾಯಿ ಅಗ್ಗ." "ಆನ್‌ಲೈನ್‌ನಲ್ಲಿ ಕೊಂಡ ಎಲೆಕ್ಟ್ರಿಕ್ ಗಾಡಿಗೆ ಆರ್‌ಟಿಒ ನೋಂದಣಿ ಬೇಡ."

ಚಿಕ್ಕದಾಗಿ ಉತ್ತರ: ಮೊದಲ ಮಾತು ಅಮೆರಿಕದ ಕೆಲವು ರಾಜ್ಯಗಳಿಗೆ ನಿಜ, ಭಾರತಕ್ಕೆ ಸುಳ್ಳು. ಎರಡನೆಯದು ಅರ್ಧ ಸತ್ಯ. ಮೂರನೆಯದು, ತೀರಾ ನಿಧಾನವಾಗಿ ಓಡುವ ಸಣ್ಣ ಗಾಡಿಗಳನ್ನು ಬಿಟ್ಟರೆ, ಸುಳ್ಳು.

ಟಿ.ಬಿ. ಡ್ಯಾಂನಿಂದ ಹೊಸಪೇಟೆಗೆ ದಿನಾ ಓಡಾಡುವವರಿಗೆ, ಕಂಪ್ಲಿಯಿಂದ ಅಂಗಡಿ ಸಾಮಾನು ತರುವವರಿಗೆ, ಸಂಡೂರು ಕಡೆಯಿಂದ ತೋರಣಗಲ್ಲಿನ ಕಾರ್ಖಾನೆಗೆ ಶಿಫ್ಟ್‌ಗೆ ಹೋಗುವವರಿಗೆ ಎಲೆಕ್ಟ್ರಿಕ್ ಸ್ಕೂಟರ್ ಲೆಕ್ಕಕ್ಕೆ ಸರಿಹೊಂದುವ ಗಾಡಿ. ಆದರೆ ಅದಕ್ಕೆ ಹಾಕುವುದು ಒಂದು ಲಕ್ಷ ರೂಪಾಯಿಯ ಆಸುಪಾಸು ಹಣ. ಹೆಚ್ಚಿನವರು ಅದನ್ನು ಸಾಲದಲ್ಲೇ ತೆಗೆದುಕೊಳ್ಳುತ್ತಾರೆ. ಹಾಗಾಗಿ ಫಾರ್ವರ್ಡ್ ನಂಬಿ ಹಣ ಕಟ್ಟುವ ಮೊದಲು ಈ ವಿಷಯ ತಿಳಿದಿರುವುದು ಒಳ್ಳೆಯದು.

ಅಮೆರಿಕದಲ್ಲಿ ಮಾಲೀಕರು ಬೀದಿಗಿಳಿದದ್ದು ನಿಜವೇ?

ನಿಜ. ಅಮೆರಿಕದ ಅನೇಕ ರಾಜ್ಯಗಳಲ್ಲಿ ಹೊಸ ಕಾರನ್ನು ಸ್ವತಂತ್ರ ಡೀಲರ್ ಮೂಲಕವೇ ಮಾರಬೇಕೆಂಬ ಕಾನೂನು ಇದೆ. ಇದರ ಹಿಂದೆ ಕಾರಣವೂ ಇತ್ತು. ಕಳೆದ ಶತಮಾನದ ಮೊದಲ ಅರ್ಧದಲ್ಲಿ ದೊಡ್ಡ ಕಾರು ಕಂಪನಿಗಳು ಮಾರಾಟವಾಗದ ಕಾರುಗಳನ್ನು ಡೀಲರ್‌ಗಳ ತಲೆಗೆ ಕಟ್ಟುತ್ತಿದ್ದವು, ಒಪ್ಪದವರ ಡೀಲರ್‌ಶಿಪ್ ಕಿತ್ತುಕೊಳ್ಳುತ್ತಿದ್ದವು. ಊರಿನ ಸಣ್ಣ ವ್ಯಾಪಾರಿಯನ್ನು ಕಾಪಾಡಲು ರಾಜ್ಯಗಳು ಕಾನೂನು ಮಾಡಿದವು. 1956ರಲ್ಲಿ ಕೇಂದ್ರ ಮಟ್ಟದಲ್ಲೂ ಡೀಲರ್‌ಗಳು ಕಂಪನಿಯನ್ನು ನ್ಯಾಯಾಲಯಕ್ಕೆ ಎಳೆಯಲು ಅವಕಾಶ ಕೊಡುವ ಕಾಯ್ದೆ ಬಂತು.

ಟೆಸ್ಲಾ ಬಂದಾಗ ಅದಕ್ಕೆ ಡೀಲರ್‌ಗಳೇ ಇರಲಿಲ್ಲ. ಸ್ವಂತ ಮಳಿಗೆ ಮತ್ತು ಇಂಟರ್ನೆಟ್ ಮೂಲಕ ಮಾರಲು ಹೊರಟಿತು. ಹಳೆಯ ಕಾನೂನು ಅಡ್ಡ ಬಂತು. 2014ರ ಮಾರ್ಚ್‌ನಲ್ಲಿ ನ್ಯೂಜೆರ್ಸಿ ರಾಜ್ಯದ ವಾಹನ ಆಯೋಗವು ನೇರ ಮಾರಾಟ ನಿಲ್ಲಿಸುವ ನಿಯಮ ತಂದಾಗ ಟೆಸ್ಲಾ ಮಾಲೀಕರು ಅದನ್ನು ವಿರೋಧಿಸಿದರು. ಮರುವರ್ಷ, 2015ರ ಮಾರ್ಚ್‌ನಲ್ಲಿ, ಟೆಸ್ಲಾಗೆ ಆ ರಾಜ್ಯದಲ್ಲಿ ನಾಲ್ಕು ಮಳಿಗೆಗಳವರೆಗೆ ಅವಕಾಶ ಕೊಡುವ ಕಾನೂನಿಗೆ ರಾಜ್ಯಪಾಲರ ಸಹಿ ಬಿತ್ತು. ಮಿಶಿಗನ್‌ನಲ್ಲಿ ವ್ಯಾಜ್ಯ ನಡೆದು 2020ರಲ್ಲಿ ರಾಜಿಯಾಯಿತು. ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಕಂಪನಿಯ ದೊಡ್ಡ ಕಾರ್ಖಾನೆ 2022ರಲ್ಲಿ ಉದ್ಘಾಟನೆಯಾದಾಗಲೂ ಆ ರಾಜ್ಯದ ಕಾನೂನು ತಯಾರಕರ ನೇರ ಮಾರಾಟವನ್ನು ಒಪ್ಪಿರಲಿಲ್ಲ.

ಮಾಲೀಕರ ವಾದ ಸರಳವಾಗಿತ್ತು: ನನ್ನ ಹಣ, ನಾನು ಯಾರಿಂದ ಕೊಳ್ಳಬೇಕೆಂದು ನಾನೇ ನಿರ್ಧರಿಸುತ್ತೇನೆ. ಡೀಲರ್‌ಗಳ ವಾದವೂ ತಳ್ಳಿಹಾಕುವಂಥದ್ದಲ್ಲ: ಗಾಡಿ ಕೆಟ್ಟಾಗ ನಿಮ್ಮ ಊರಿನಲ್ಲಿ ನಿಮಗೆ ಉತ್ತರ ಕೊಡುವವರು ಯಾರು?

ಭಾರತದಲ್ಲಿ ಅಂಥ ಕಾನೂನು ಇದೆಯೇ?

ಇಲ್ಲ. ನಮ್ಮಲ್ಲಿ ಹೊಸ ಗಾಡಿಯನ್ನು ಸ್ವತಂತ್ರ ಡೀಲರ್ ಮೂಲಕವೇ ಮಾರಬೇಕೆಂದು ಕಡ್ಡಾಯ ಮಾಡುವ ಕಾಯ್ದೆ ಇಲ್ಲ. ಕಂಪನಿ ಮತ್ತು ಡೀಲರ್ ನಡುವಿನ ಸಂಬಂಧ ಅವರ ಒಪ್ಪಂದದ ಮೇಲೆ ನಿಂತಿದೆ. ಕಂಪನಿಯೇ ಮಳಿಗೆ ತೆರೆದು ಮಾರಬಹುದು, ವೆಬ್‌ಸೈಟ್‌ನಲ್ಲೂ ಮಾರಬಹುದು.

ಇದಕ್ಕೆ ಉದಾಹರಣೆಗಳು ಬೇಕಾದಷ್ಟಿವೆ. ಬೆಂಗಳೂರಿನ ಏಥರ್ ಎನರ್ಜಿ 2018ರಲ್ಲಿ ತನ್ನ ಮೊದಲ ಸ್ಕೂಟರ್‌ಗಳನ್ನು ಸ್ವಂತ ಮಳಿಗೆಯಿಂದಲೇ ಮಾರಿತು. ಬೇರೆ ಊರುಗಳಿಗೆ ಹರಡುವಾಗ ಮಾತ್ರ ಸ್ಥಳೀಯ ವ್ಯಾಪಾರಿಗಳನ್ನು ಪಾಲುದಾರರನ್ನಾಗಿ ಮಾಡಿಕೊಂಡಿತು. ಬೆಂಗಳೂರಿನದೇ ಓಲಾ ಎಲೆಕ್ಟ್ರಿಕ್ 2021ರ ಸೆಪ್ಟೆಂಬರ್‌ನಲ್ಲಿ ಆನ್‌ಲೈನ್‌ನಲ್ಲೇ ಮಾರಾಟ ಆರಂಭಿಸಿತು, ಸ್ವಂತ ಮಳಿಗೆಗಳನ್ನು ಆಮೇಲೆ ತೆರೆಯಿತು. ಮರ್ಸಿಡಿಸ್-ಬೆಂಜ್ 2021ರಿಂದ ಭಾರತದಲ್ಲಿ ಕಾರಿನ ಬಿಲ್ಲನ್ನು ಕಂಪನಿಯ ಹೆಸರಲ್ಲೇ ಕೊಡುತ್ತಿದೆ. ಡೀಲರ್‌ಗಳು ಕಾರು ತೋರಿಸಿ, ತಲುಪಿಸಿ, ಸರ್ವಿಸ್ ಮಾಡುತ್ತಾರೆ. ಟೆಸ್ಲಾ 2025ರ ಜುಲೈ 15ರಂದು ಮುಂಬೈಯಲ್ಲಿ ತನ್ನ ಮೊದಲ ಮಳಿಗೆ ತೆರೆದದ್ದೂ ಡೀಲರ್ ಇಲ್ಲದೆಯೇ.

ಹಾಗೆಂದು ನಿಯಮವೇ ಇಲ್ಲವೆಂದಲ್ಲ. ನೋಂದಣಿಯಾಗದ ಹೊಸ ಗಾಡಿಗಳನ್ನು ಇಟ್ಟುಕೊಂಡು ಮಾರುವ ಮಳಿಗೆ ಸಾರಿಗೆ ಇಲಾಖೆಯಿಂದ 'ಟ್ರೇಡ್ ಸರ್ಟಿಫಿಕೇಟ್' ಪಡೆದಿರಬೇಕು. ಡೀಲರ್ ಆಗಲಿ, ಕಂಪನಿಯೇ ಆಗಲಿ, ಈ ನಿಯಮ ಎಲ್ಲರಿಗೂ ಒಂದೇ. 2025ರಲ್ಲಿ ಮಹಾರಾಷ್ಟ್ರದ ಸಾರಿಗೆ ಇಲಾಖೆ ಈ ಪತ್ರ ಇಲ್ಲದ ಓಲಾ ಮಳಿಗೆಗಳ ಮೇಲೆ ಕ್ರಮ ಕೈಗೊಂಡಿತು. ಅಲ್ಲಿ ಪ್ರಶ್ನೆಯಾದದ್ದು ನೇರ ಮಾರಾಟವಲ್ಲ, ಪತ್ರ ಇಲ್ಲದ ಮಾರಾಟ.

ಡೀಲರ್ ಇಲ್ಲದಿದ್ದರೆ ಬೆಲೆ ಇಳಿಯುತ್ತದೆಯೇ?

ಇಳಿಯಲೇಬೇಕೆಂದಿಲ್ಲ. ಡೀಲರ್‌ಗೆ ಸಿಗುವ ಕಮಿಷನ್ ಪೂರ್ತಿ ಲಾಭವಲ್ಲ. ಮಳಿಗೆಯ ಬಾಡಿಗೆ, ಸಿಬ್ಬಂದಿ ಸಂಬಳ, ಟೆಸ್ಟ್ ರೈಡ್ ಗಾಡಿ, ದುರಸ್ತಿ ಶೆಡ್, ಬಿಡಿಭಾಗಗಳ ದಾಸ್ತಾನು ಎಲ್ಲವೂ ಅದರಲ್ಲೇ ನಡೆಯಬೇಕು. ಡೀಲರ್ ಹೋದರೆ ಈ ಖರ್ಚು ಮಾಯವಾಗುವುದಿಲ್ಲ, ಕಂಪನಿಯ ತಲೆಗೆ ಬರುತ್ತದೆ. ಕಂಪನಿ ಆ ಖರ್ಚನ್ನೂ ಮಾಡದಿದ್ದರೆ ಬೆಲೆ ಇಳಿಯಬಹುದು, ಆದರೆ ಅದರ ಜೊತೆಗೆ ಸರ್ವಿಸ್ ಕೂಡ ಇಳಿಯುತ್ತದೆ.

ಗಾಡಿಯ ಬೆಲೆಯನ್ನು ಹೆಚ್ಚಾಗಿ ನಿರ್ಧರಿಸುವುದು ಬ್ಯಾಟರಿ ಮತ್ತು ತೆರಿಗೆ. ಟೆಸ್ಲಾವನ್ನೇ ನೋಡಿ. ನೇರ ಮಾರಾಟವಾದರೂ ಭಾರತದಲ್ಲಿ ಮಾಡೆಲ್ ವೈ ಕಾರಿನ ಆರಂಭಿಕ ಬೆಲೆ ಸುಮಾರು 60 ಲಕ್ಷ ರೂಪಾಯಿ ಇತ್ತು. ಹೊರದೇಶದಿಂದ ತರುವ ಕಾರಿನ ಮೇಲಿನ ಆಮದು ಸುಂಕ ಅದಕ್ಕೆ ದೊಡ್ಡ ಕಾರಣ. ಇನ್ನೊಂದು ಕಡೆ, ಎಲೆಕ್ಟ್ರಿಕ್ ವಾಹನಗಳಿಗೆ ಜಿಎಸ್‌ಟಿ ಶೇ. 5 ಮಾತ್ರ. ಡೀಲರ್ ಬಳಿ ಕೊಂಡರೂ ಆನ್‌ಲೈನ್‌ನಲ್ಲಿ ಕೊಂಡರೂ ಈ ದರ ಒಂದೇ.

ನೇರ ಮಾರಾಟದಲ್ಲಿ ಒಂದು ನಿಜವಾದ ಅನುಕೂಲ ಇದೆ. ಬೆಲೆ ಎಲ್ಲರಿಗೂ ಒಂದೇ, ಅದೂ ತೆರೆದಿಟ್ಟ ಬೆಲೆ. ಚೌಕಾಸಿ ಗೊತ್ತಿದ್ದವರಿಗೊಂದು ಬೆಲೆ, ಗೊತ್ತಿಲ್ಲದವರಿಗೊಂದು ಬೆಲೆ ಎಂಬುದು ಇರುವುದಿಲ್ಲ. ಚೌಕಾಸಿಗೆ ಜಾಗ ಇರುವುದಿಲ್ಲ ಎಂಬುದು ಅದರ ಇನ್ನೊಂದು ಮುಖ.

ಆರ್‌ಟಿಒ ನೋಂದಣಿ ಬೇಡವೇ?

ಬೇಕು. ಮೋಟಾರು ವಾಹನ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದ ಗಾಡಿ ರಸ್ತೆಗಿಳಿಯುವಂತಿಲ್ಲ. ಟ್ರೇಡ್ ಸರ್ಟಿಫಿಕೇಟ್ ಇರುವವರು ತಾತ್ಕಾಲಿಕ ಅಥವಾ ಕಾಯಂ ನೋಂದಣಿ ಆಗದ ಗಾಡಿಯನ್ನು ಗ್ರಾಹಕರಿಗೆ ಕೊಡುವಂತಿಲ್ಲ. 2019ರ ತಿದ್ದುಪಡಿಯ ನಂತರ, ಅದೇ ರಾಜ್ಯದಲ್ಲಿ ಮಾರಾಟವಾದ ಹೊಸ ಗಾಡಿಯ ನೋಂದಣಿಗೆ ಅರ್ಜಿ ಹಾಕುವ ಹೊಣೆಯೂ ಮಾರುವವರದ್ದೇ. ಹೊಸಪೇಟೆ ಆರ್‌ಟಿಒದ ಕೆಎ-35 ಸಂಖ್ಯೆ ಬರಬೇಕಾದ ಗಾಡಿ ಬೆಂಗಳೂರಿನ ಕಂಪನಿಯ ವೆಬ್‌ಸೈಟ್‌ನಲ್ಲಿ ಕೊಂಡದ್ದಾದರೂ ನೋಂದಣಿ ಆಗಲೇಬೇಕು.

ವಿನಾಯಿತಿ ಒಂದೇ. ಮೋಟಾರಿನ ಶಕ್ತಿ 250 ವಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ. ಒಳಗೆ ಇರುವ ಗಾಡಿಗೆ ನೋಂದಣಿ ಬೇಡ. "ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಬೇಡ" ಎಂದು ಹೇಳಿ 40–50 ಕಿ.ಮೀ. ವೇಗದ ಗಾಡಿ ಮಾರುವವರು ನಿಮ್ಮನ್ನು ತೊಂದರೆಗೆ ಸಿಕ್ಕಿಸುತ್ತಿದ್ದಾರೆ. ಅಪಘಾತವಾದರೆ ವಿಮೆಯೂ ಇಲ್ಲ, ಆರ್‌ಸಿಯೂ ಇಲ್ಲ.

ನಿಜವಾದ ಪ್ರಶ್ನೆ: ಕೆಟ್ಟು ನಿಂತಾಗ ಯಾರು?

2024ರ ಸೆಪ್ಟೆಂಬರ್‌ನಲ್ಲಿ ಕಲಬುರಗಿಯಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಶೋರೂಂ ಒಂದಕ್ಕೆ ಬೆಂಕಿ ಬಿತ್ತು. ಹೊಸ ಗಾಡಿ ಪದೇಪದೇ ಕೆಟ್ಟರೂ ದುರಸ್ತಿಯಾಗಲಿಲ್ಲ ಎಂಬ ಸಿಟ್ಟಿನಿಂದ ಬೆಂಕಿ ಹಚ್ಚಿದ ಆರೋಪದಲ್ಲಿ ಪೊಲೀಸರು ಒಬ್ಬ ಗ್ರಾಹಕನನ್ನು ಬಂಧಿಸಿದರು. ಮರು ತಿಂಗಳು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಓಲಾ ಎಲೆಕ್ಟ್ರಿಕ್‌ಗೆ ನೋಟಿಸ್ ಕೊಟ್ಟಿತು. ಒಂದು ವರ್ಷದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಆ ಕಂಪನಿಯ ಬಗ್ಗೆ ಬಂದಿದ್ದ ದೂರುಗಳು 10,644. ಅವುಗಳಲ್ಲಿ ಶೇ. 99.1ರಷ್ಟನ್ನು ಬಗೆಹರಿಸಿರುವುದಾಗಿ ಕಂಪನಿ ಉತ್ತರಿಸಿತು.

ಇದರಿಂದ "ನೇರ ಮಾರಾಟವೇ ಕೆಟ್ಟದ್ದು" ಎಂಬ ತೀರ್ಮಾನಕ್ಕೆ ಬರುವುದೂ ತಪ್ಪು. ಡೀಲರ್ ಮೂಲಕ ಮಾರುವ ಕಂಪನಿಗಳ ಗ್ರಾಹಕರೂ ಪರದಾಡಿದ್ದಾರೆ. 2021ರಲ್ಲಿ ಫೋರ್ಡ್ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿದಾಗ ಡೀಲರ್‌ಗಳೂ ಕಾರಿನ ಮಾಲೀಕರೂ ಒಟ್ಟಿಗೆ ಚಿಂತೆಗೆ ಬಿದ್ದರು. ಮಾರುವ ದಾರಿ ಯಾವುದಾದರೂ ಇರಲಿ, ಗಾಡಿ ಮಾರಿದಷ್ಟೇ ವೇಗದಲ್ಲಿ ಸರ್ವಿಸ್ ಕೇಂದ್ರಗಳು ಬೆಳೆಯದಿದ್ದರೆ ಗ್ರಾಹಕರೇ ಸೋಲುವುದು.

ಬೆಂಗಳೂರಿನಲ್ಲಿರುವವರಿಗೆ ಇದು ಒಂದು ದಿನದ ಕಿರಿಕಿರಿ. ಬೆಂಗಳೂರಿಂದ 300 ಕಿ.ಮೀ.ಗೂ ದೂರದಲ್ಲಿರುವ ನಮ್ಮ ಕಡೆಯವರಿಗೆ ಹಾಗಲ್ಲ. ಬ್ಯಾಟರಿ ಗಾಡಿಯ ಸಾಫ್ಟ್‌ವೇರ್ ದೋಷವನ್ನು ಊರಿನ ಮೆಕ್ಯಾನಿಕ್ ಸರಿಮಾಡಲು ಆಗುವುದಿಲ್ಲ. ನಿಂತ ಗಾಡಿಯನ್ನು ಟೆಂಪೋದಲ್ಲಿ ಹಾಕಿ ಬಳ್ಳಾರಿಗೋ ಕೊಪ್ಪಳಕ್ಕೋ ಒಯ್ಯಬೇಕಾದರೆ ಬಾಡಿಗೆ, ಹೋದ ದಿನಗೂಲಿ, ನಿಲ್ಲದ ಸಾಲದ ಕಂತು ಎಲ್ಲ ಸೇರಿ ಉಳಿಸಿದ ಪೆಟ್ರೋಲ್ ಹಣ ಕರಗಿಹೋಗುತ್ತದೆ.

ಹಣ ಕಟ್ಟುವ ಮೊದಲು ಕೇಳಬೇಕಾದ ಪ್ರಶ್ನೆಗಳು

• ಹತ್ತಿರದ ಸರ್ವಿಸ್ ಕೇಂದ್ರ ಯಾವ ಊರಿನಲ್ಲಿದೆ? ಒಮ್ಮೆ ಹೋಗಿ ನೋಡಿ. ಹೊರಗೆ ದುರಸ್ತಿಗೆ ಕಾದು ನಿಂತ ಗಾಡಿಗಳೆಷ್ಟು, ಅವುಗಳ ಮಾಲೀಕರು ಏನನ್ನುತ್ತಾರೆ ಎಂದು ಕೇಳಿ.

• ಗಾಡಿ ನಿಂತರೆ ಮನೆಯಿಂದ ಒಯ್ಯುವ ಖರ್ಚು ಯಾರದ್ದು? ಎಷ್ಟು ಕಿ.ಮೀ.ವರೆಗೆ?

• ಬಿಲ್ ಯಾರ ಹೆಸರಲ್ಲಿ ಬರುತ್ತದೆ? ನೋಂದಣಿಗೆ ಅರ್ಜಿ ಹಾಕುವವರು ಯಾರು? ಮಳಿಗೆಗೆ ಟ್ರೇಡ್ ಸರ್ಟಿಫಿಕೇಟ್ ಇದೆಯೇ?

• ಬ್ಯಾಟರಿ ವಾರಂಟಿ ಎಷ್ಟು ವರ್ಷ, ಎಷ್ಟು ಕಿ.ಮೀ.? ಕಾಗದದಲ್ಲಿ ಇದೆಯೇ?

• ಬುಕಿಂಗ್ ರದ್ದು ಮಾಡಿದರೆ ಹಣ ಎಷ್ಟು ದಿನದಲ್ಲಿ ವಾಪಸ್?

ಲಿಂಕ್ ಒತ್ತುವ ಮೊದಲು

"ಕಂಪನಿಯಿಂದ ನೇರ, ಇವತ್ತೇ ಕಡೇ ದಿನ" ಎಂಬ ಸಂದೇಶ ಕಂಪನಿಯದ್ದೇ ಆಗಿರಬೇಕಿಲ್ಲ. 2022ರ ನವೆಂಬರ್‌ನಲ್ಲಿ ದೆಹಲಿ ಪೊಲೀಸರು ಓಲಾ ಸ್ಕೂಟರ್ ಕೊಡುವುದಾಗಿ ನಕಲಿ ವೆಬ್‌ಸೈಟ್ ಮಾಡಿ ಸಾವಿರಕ್ಕೂ ಹೆಚ್ಚು ಜನರಿಗೆ ವಂಚಿಸಿದ ಆರೋಪದಲ್ಲಿ 20 ಮಂದಿಯನ್ನು ಬಂಧಿಸಿದರು. ವಾಟ್ಸಾಪ್‌ನಲ್ಲಿ ಬಂದ ಲಿಂಕ್ ಒತ್ತಬೇಡಿ, ಕಂಪನಿಯ ವಿಳಾಸವನ್ನು ನೀವೇ ಟೈಪ್ ಮಾಡಿ. ಹಣ ಯಾವುದೇ ವ್ಯಕ್ತಿಯ ಹೆಸರಿನ ಖಾತೆಗೆ ಹೋಗುತ್ತಿದ್ದರೆ ಅಲ್ಲೇ ನಿಲ್ಲಿಸಿ. ಮೋಸವಾಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಕೊಂಡ ಮೇಲೆ ತೊಂದರೆಯಾದರೆ

"ಕಂಪನಿ ಬೆಂಗಳೂರಿನಲ್ಲಿದೆ, ಅಲ್ಲಿಗೇ ಹೋಗಿ ಕೇಸ್ ಹಾಕಬೇಕು" ಎಂಬುದೂ ತಪ್ಪು ತಿಳಿವಳಿಕೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯ ವ್ಯಾಪ್ತಿಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. ಕಂಪ್ಲಿ, ಸಂಡೂರಿನವರು ಬಳ್ಳಾರಿಯಲ್ಲೇ ದೂರು ಕೊಡಬಹುದು, ಕಂಪನಿಯ ಕಚೇರಿ ಎಲ್ಲೇ ಇರಲಿ. ಕೊಂಡ ವಸ್ತುವಿಗೆ ಕೊಟ್ಟ ಹಣ 5 ಲಕ್ಷ ರೂಪಾಯಿವರೆಗೆ ಇದ್ದರೆ ದೂರಿಗೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ತೊಂದರೆಯಾದ ಎರಡು ವರ್ಷದೊಳಗೆ ದೂರು ಕೊಡಬೇಕು.

ಅದಕ್ಕೂ ಮೊದಲು ಮಾಡಬೇಕಾದ ಕೆಲಸ ಎರಡು. ಒಂದು, ಆನ್‌ಲೈನ್‌ನಲ್ಲಿ ಮಾರುವ ಕಂಪನಿಗೆ ದೂರು ಅಧಿಕಾರಿ ಇರಲೇಬೇಕು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರು 48 ಗಂಟೆಯೊಳಗೆ ದೂರು ತಲುಪಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಅವರಿಗೆ ಇ-ಮೇಲ್ ಕಳಿಸಿ. ಎರಡು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಸಂಖ್ಯೆ ಪಡೆಯಿರಿ. ಬಿಲ್, ಜಾಬ್ ಕಾರ್ಡ್, ಚಾಟ್, ನಿಂತ ಗಾಡಿಯ ವಿಡಿಯೊ ಎಲ್ಲವನ್ನೂ ದಿನಾಂಕದ ಸಮೇತ ಇಟ್ಟುಕೊಳ್ಳಿ. ಫೋನ್‌ನಲ್ಲಿ ಆಡಿದ ಮಾತಿಗಿಂತ ಬರೆದು ಕೊಟ್ಟ ದೂರಿಗೆ ಬಲ ಹೆಚ್ಚು.

ತೀರ್ಮಾನ

ಅಮೆರಿಕದ ಮಾಲೀಕರು ಯಾವ ಆಯ್ಕೆಗಾಗಿ ಹೋರಾಡಿದರೋ ಆ ಆಯ್ಕೆ ನಮ್ಮಲ್ಲಿ ಆಗಲೇ ಇದೆ. ಕಂಪನಿಯಿಂದ ನೇರವಾಗಿ ಕೊಳ್ಳುವುದು ಭಾರತದಲ್ಲಿ ಕಾನೂನುಬದ್ಧ. ಅದರಿಂದ ಬೆಲೆ ಇಳಿಯುವ ಖಾತ್ರಿ ಇಲ್ಲ, ನೋಂದಣಿಯಿಂದ ವಿನಾಯಿತಿಯೂ ಇಲ್ಲ. ಎಲ್ಲಿಂದ ಕೊಂಡಿರಿ ಎಂಬುದಕ್ಕಿಂತ, ನಿಂತಾಗ ಎಷ್ಟು ದೂರ ತಳ್ಳಬೇಕು ಎಂಬ ಲೆಕ್ಕ ಹಾಕಿ ಕೊಳ್ಳಿ. ಮುಂದಿನ ಸಲ "ಡೀಲರ್ ಇಲ್ಲ, ಅರ್ಧ ಬೆಲೆ" ಎಂಬ ಫಾರ್ವರ್ಡ್ ಬಂದರೆ ಅದರ ಕೆಳಗೆ ಒಂದೇ ಪ್ರಶ್ನೆ ಬರೆಯಿರಿ: "ಸರ್ವಿಸ್ ಎಲ್ಲಿ?"