ಪದ ಪರಿಚಯ: ಕಡತ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ತಾಲ್ಲೂಕು ಕಚೇರಿಗಳಲ್ಲಿ ಕಡತವೆಂದರೆ ದಾರ ಕಟ್ಟಿದ ಕಾಗದದ ಕಂತೆ. ಹಿಂದೆ ಅದು ಬಟ್ಟೆ: ಹುಣಸೆಬೀಜದ ಅಂಟಿಗೆ ಇದ್ದಿಲಪುಡಿ ಬೆರೆಸಿ ಬಳಿದು, ಒಣಗಿಸಿ, ಬಳಪದಲ್ಲಿ ಬರೆದು, ಮಡಿಚಿಡುತ್ತಿದ್ದರು. ‘ಕಡಿತ’ ಎಂಬ ರೂಪವೂ ಉಂಟು. ಲೆಕ್ಕಪತ್ರ ನೋಡುವ ‘ಕಡಿತವೆರ್ಗಡೆ’ ಶಾಸನಗಳಲ್ಲೇ ಸಿಗುತ್ತಾನೆ. ಶೃಂಗೇರಿ ಮಠದ ಕಡತಗಳು ಹೆಸರಾದವು. ಓಲೆಗರಿಯಲ್ಲಿ ಕೊರೆದದ್ದು ಅಳಿಯದು, ಕಡತದ್ದನ್ನು ಒರೆಸಿ ಮತ್ತೆ ಬರೆಯಬಹುದು. ಕಂಪ್ಯೂಟರಿನ ಫೈಲಿಗೆ ‘ಕಡತ’ವೇ ತಕ್ಕ ಪದ ಎನ್ನಲು ನನಗಿರುವ ಮುಖ್ಯ ಕಾರಣ ಇದೇ. ಒರೆಸಿ ಬರೆಯಬಹುದಾದ್ದರಿಂದಲೇ ಎರಡು ಕೈ ಒಟ್ಟಿಗೆ ಬರೆದರೆ ಲೆಕ್ಕ ಕೆಡುತ್ತದೆ.

ಹಾಗಾದರೆ ಎರಡು ಪ್ರೋಗ್ರಾಮುಗಳು ಒಂದೇ ಫೈಲಿಗೆ ಒಟ್ಟಿಗೆ ಬರೆಯದಂತೆ ಹಾಕುವ ಫೈಲ್ ಲಾಕನ್ನು ‘ಕಡತ ಬೀಗ’ ಎನ್ನೋಣವೇ? ಕೂಡದು. ಯೂನಿಕ್ಸ್ ಬಳಗದಲ್ಲಿ ಈ ಲಾಕು ಸಾಮಾನ್ಯವಾಗಿ ಬರೀ ಸೂಚನೆ. ಕೇಳದೆ ಬರೆಯುವ ಪ್ರೋಗ್ರಾಮನ್ನು ಅದು ತಡೆಯದು. ವಿಷಯ ನಿರ್ವಾಹಕರ ಮೇಜಿನ ಮೇಲಿರುವ ಕಡತವನ್ನು ಬೇರೆಯವರು ಮುಟ್ಟದಿರುವುದು ಬೀಗದಿಂದಲ್ಲ, ಕಚೇರಿಯ ಕಟ್ಟಳೆಯಿಂದ, ಇದೂ ಹಾಗೆಯೇ. ‘ಕಡತ ಹಿಡಿತ’ ಎಂದರೆ ನಿಜಕ್ಕೆ ಹತ್ತಿರ. ಹೆಸರಿನ ಗೊಡವೆ ಯಾಕೆ, ಕೆಲಸವಾದರೆ ಸಾಲದೇ ಎನ್ನಬಹುದು. ಸಾಲದು, ಹಿಡಿತ ಯಾರದು ಎಂಬುದರಲ್ಲೇ ತೊಡಕಿದೆ. 1983ರಲ್ಲಿ 4.2 ಬಿಎಸ್‌ಡಿ ಎಂಬ ಯೂನಿಕ್ಸ್ ಆವೃತ್ತಿಯಲ್ಲಿ ಬಂದ ‘ಫ್ಲಾಕ್’ ಎಂಬ ಲಾಕಿನಲ್ಲಿ ಹಿಡಿತವಿರುವುದು ಫೈಲನ್ನು ತೆರೆದ ಆ ಒಂದು ಸಲಕ್ಕೆ, ಪಾಸಿಕ್ಸ್ ಮಾನಕದ ‘ಎಫ್‌ಸಿಎನ್‌ಟಿಎಲ್’ನ ರೂಢಿಯ ಲಾಕಿನಲ್ಲಿ ಇಡೀ ಪ್ರೋಸೆಸ್ಸಿಗೆ, ಅಂದರೆ ಓಡುತ್ತಿರುವ ಪ್ರೋಗ್ರಾಮಿಗೆ. ಎರಡನೆಯದರಲ್ಲಿ ಅದೇ ಪ್ರೋಸೆಸ್ಸಿನ ಯಾವುದೋ ಲೈಬ್ರರಿ ಆ ಫೈಲನ್ನು ಓದಲೆಂದು ತೆರೆದು ಮುಚ್ಚಿದರೂ ಹಿಡಿತ ಸದ್ದಿಲ್ಲದೆ ಕಳಚುತ್ತದೆ. ಆದ್ದರಿಂದ ಲಿನಕ್ಸ್, ಫ್ರೀಬಿಎಸ್‌ಡಿ, ಮ್ಯಾಕ್ ಎಲ್ಲಕ್ಕೂ ಫೈಲ್ ಲಾಕ್ ಮಾಡುವ ಒಂದೇ ಪುಟ್ಟ ಪ್ಯಾಕೇಜನ್ನು ನೋಡಿಕೊಳ್ಳುವವರು ತಮ್ಮದು ಈ ಎರಡರಲ್ಲಿ ಯಾವ ಬಗೆಯ ಹಿಡಿತವೆಂದು ಕೈಪಿಡಿಯ ಮೊದಲ ಸಾಲಿನಲ್ಲೇ ಬರೆಯಬೇಕು.